ಹಿಂದಿನ ಸೀಟು

ಅಬ್ದುಲ್ ಹಸೀಬ್ ತನ್ನ ಪಿಕಪ್ಪಿನಿಂದ, ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ಲನ್ನು ಇಳಿಸಿ ಜಲ್ಲಿ ದಾರಿಯ ಮೇಲೆ ನಿಲ್ಲಿಸಿ ಆಗಿತ್ತು. ಬಾಳಪ್ಪ ಮಾತ್ರ ಕಾರಿನಿಂದ ಇಳಿದಿರಲಿಲ್ಲ. ಸೀಟ್ ಬೆಲ್ಟನ್ನೂ ಬಿಚ್ಚದೆ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುವವನಂತೆ ಕುಳಿತಿದ್ದ.

"ಇಳೀರಿ," ಎಂದಳು ಹೆಂಡತಿ ಮಹಾದೇವಿ, ಅವನ ಕಡೆಯ ಬಾಗಿಲು ತೆರೆದು.

"ನೀವಿಬ್ರು ಹೋಗಿ ಬರ್ರಿ. ನಾ ಇಲ್ಲೇ ಕುಂದರ್ತೀನಿ. ಏಸಿ ಹಾಕಿ ಹೋಗು."

"ಈ ಥಂಡಿಯೊಳಗ ಏಸಿ ಯಾಕ್ರಿ?"

ಹಸೀಬ್ ನಗುತ್ತ ಹತ್ತಿರ ಬಂದ. "ಎಂತ ಬಾಳಪ್ಪಣ್ಣ, ಸತ್ವಾದಿಂದ ಇಲ್ಲಿ ತನಕ ಇದನ್ನ ಹೇರಿಕೊಂಡು ಬಂದದ್ದು ನಾನು. ನೀವು ಕಾರಲ್ಲೇ ಕೂತ್ರೆ ಸೈಕಲ್ಲಿಗೆ ಬೇಜಾರಾಗ್ತದೆ ಮಾರಾಯ್ರೆ. ಯಲ್ಲಾ, ಇಳೀರಿ."

ಹಸೀಬನ ಮಾತನ್ನು ತೆಗೆದುಹಾಕುವುದು ಬಾಳಪ್ಪನಿಗೆ ಯಾವಾಗಲೂ ಕಷ್ಟ. ಗೂಡ್ಸ್ ರೈಲಿನ ಹಳಿ ಹಾಕುವ ವರ್ಷಗಳಲ್ಲಿ ಬಾಳಪ್ಪ ಕೊಲ್ಲಿ ನಾಡಿನ ಇದೇ ಮರಳಿನಲ್ಲಿ ಸರ್ವೆ ಎಂಜಿನಿಯರ್ ಆಗಿದ್ದ. ಆಗ ಭಟ್ಕಳದ ಈ ಹಸೀಬ್ ಸಣ್ಣ ವ್ಯಾನಿನಲ್ಲಿ ಚಹಾ, ಪರೋಟ, ನೀರಿನ ಬಾಟಲಿ ತುಂಬಿಕೊಂಡು ಸೈಟಿನಿಂದ ಸೈಟಿಗೆ ತಿರುಗುತ್ತಿದ್ದ. ಒಂದು ದಿನ ಅವನು ಫೋನಿನಲ್ಲಿ ಯಾರ ಜೊತೆಗೋ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ, ಮುಧೋಳದ ಬಾಳಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದಿದ್ದ. ಜಗಳ ಮುಗಿಯುವವರೆಗೂ ಪಕ್ಕದಲ್ಲೇ ನಿಂತು ಕಿವಿತುಂಬ ಕೇಳಿಸಿಕೊಂಡಿದ್ದ. ಅಂದಿನಿಂದ ಬೆಳೆದ ಸ್ನೇಹ. ಈಗ ಹಸೀಬನಿಗೆ ಪಟ್ಟಣದ ಸತ್ವಾ ಬಡಾವಣೆಯಲ್ಲಿ ಸೈಕಲ್ ಅಂಗಡಿ ಇದೆ. ಬಾಳಪ್ಪನಿಗೆ ಕೆಲಸವಿಲ್ಲ.

ಗ್ಲಾಕೋಮಾ ಅವನ ನೋಟವನ್ನು ಅಂಚುಗಳಿಂದ ತಿನ್ನುತ್ತ ಬಂದಿತ್ತು. ಮೊದಲು ಬಾಗಿಲ ಚೌಕಟ್ಟುಗಳು ಭುಜಕ್ಕೆ ಬಡಿಯತೊಡಗಿದವು. ಆಮೇಲೆ ಮೆಟ್ಟಿಲುಗಳು ತಪ್ಪಿದವು. ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. ಕೊನೆಗೆ ಒಂದು ದಿನ ಅವನೇ ಕಂಪನಿಗೆ ಹೋಗಿ, ತನ್ನ ಅಳತೆಗಳನ್ನು ತಾನೇ ನಂಬುವುದಿಲ್ಲವೆಂದು ಹೇಳಿ ಬಂದಿದ್ದ. ಅಲ್ ಐನ್‌ನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಹಾದೇವಿ ಆಗ ಅವನನ್ನು ತನ್ನ ವೀಸಾದ ಮೇಲೆ ಹಾಕಿಕೊಂಡಳು. "ನಾ ಈಗ ಹೌಸ್‌ವೈಫ್," ಎಂದು ಬಾಳಪ್ಪ ಗೆಳೆಯರ ಮುಂದೆ ನಗುತ್ತಿದ್ದ. ಒಂದೆರಡು ತಿಂಗಳಲ್ಲಿ ಆ ನಗೆಯೂ ನಿಂತಿತು, ಗೆಳೆಯರನ್ನು ಕಾಣುವುದೂ ನಿಂತಿತು. ಆಸ್ಪತ್ರೆಗೆ ಬಿಟ್ಟರೆ ಅವನು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಬಿಳಿ ಕೋಲಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದ.

ಜೋಡಿ ಸೈಕಲ್ಲಿನ ಉಪಾಯ ಹಸೀಬನದು. ಮಹಾದೇವಿ ಕೆಲವು ಸಂಜೆ ಸತ್ವಾಕ್ಕೆ ಹೋಗಿ, ಹಸೀಬನ ಮಗಳು ಅರ್ವಾಳನ್ನು ಹಿಂದೆ ಕೂರಿಸಿಕೊಂಡು, ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿ ಬಂದಿದ್ದಳು. ಗಂಡನಿಗೆ ಹೇಳಿರಲಿಲ್ಲ.

"ಯಾರು ಹೊಡಿಯಾವ್ರು ಇದನ್ನ?" ಬಾಳಪ್ಪ ಹ್ಯಾಂಡಲ್ ತಡವುತ್ತ ಕೇಳಿದ.

"ನಾನು."

"ನೀನು? ನಿನಗ ಎಲ್ಲಿ ಸೈಕಲ್ ಬರ್ತೈತಿ?"

"ಗುಳೇದಗುಡ್ಡದಾಗ ನಮ್ಮಪ್ಪ ನೇಯ್ದ ಖಣದ ಗಂಟು ಅಂಗಡಿಗೆ ಮುಟ್ಟಸ್ತಿದ್ದಾಕಿ ನಾನs. ಸೀಟಿಗೆ ಕಾಲ ಎಟಕ್ತಿದ್ದಿಲ್ಲ. ಚೌಕಟ್ಟಿನ್ಯಾಗ ಕಾಲ ತೂರಿಸಿ ಹೊಡೀತಿದ್ದೆ."

"ಇಷ್ಟ ವರ್ಷ ಹೇಳೇ ಇಲ್ಲಲ್ಲ?"

"ನೀವು ಕೇಳಿದ್ರೇನು?"

ಬಾಳಪ್ಪ ಹಿಂದಿನ ಸೀಟಿಗೆ ಕಾಲು ಹಾಕಿದ.

ದಾರಿ ನೇರವಾಗಿತ್ತು. ಅಲ್ ಖುದ್ರಾದ ಕೆರೆಗಳನ್ನು ಹಿಂದೆ ಬಿಟ್ಟು, ರೈಲಿನ ಬೇಲಿಯ ಪಕ್ಕದಲ್ಲಿ ಮರಳಿನೊಳಕ್ಕೆ ಹೋಗುತ್ತಿತ್ತು. ಹಳಿ ಹಾಕುವಾಗ ಲಾರಿಗಳಿಗೆಂದು ಜಲ್ಲಿ ಹೊಡೆದು ಗಟ್ಟಿ ಮಾಡಿದ ದಾರಿ ಅದು. ಲಾರಿಗಳು ಹೋದ ಮೇಲೆ ವಾರಾಂತ್ಯಕ್ಕೆ ಸೈಕಲ್ಲಿನವರು ಬರತೊಡಗಿದ್ದರು. ಜನವರಿಯ ಬೆಳಗು. ಬಿಸಿಲು ಇನ್ನೂ ಎಳೆಯದು, ಗಾಳಿಯಲ್ಲಿ ಮಂಜಿನ ಒದ್ದೆ ಉಳಿದಿತ್ತು. ಹಸೀಬ್ ಚಾಪೆ, ಫ್ಲಾಸ್ಕು ಕಟ್ಟಿದ್ದ ತನ್ನ ಸೈಕಲ್ ಏರಿ ಮುಂದೆ ಹೊರಟ.

ಜೋಡಿ ಸೈಕಲ್ಲಿನಲ್ಲಿ ಎರಡೂ ಪೆಡಲುಗಳು ಒಂದೇ ಸರಪಳಿಗೆ ಬಿಗಿದಿರುತ್ತವೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಹ್ಯಾಂಡಲ್ಲು, ಬ್ರೇಕು ಮುಂದಿನವರದು. ಹಿಂದಿನವರ ಕೈಗೆ ಸಿಗುವುದು ಅಲುಗಾಡದ ಒಂದು ಕಬ್ಬಿಣದ ಹಿಡಿಕೆ, ಅಷ್ಟೇ. ಬಾಳಪ್ಪ ಅದನ್ನೇ ತಿರುಗಿಸಲು ನೋಡುತ್ತಿದ್ದ. ಸೈಕಲ್ಲು ಎಡಕ್ಕೆ ವಾಲಿದೆ ಅನಿಸಿದೊಡನೆ ಮೈಯನ್ನು ಬಲಕ್ಕೆ ಎಳೆಯುತ್ತಿದ್ದ.

"ಎಡಕ್ಕ ಹೊಂಟೀದಿ... ಸಾವಕಾಶ... ಏ, ಬಲಕ್ಕ ತುಗೊ!"

"ನೀವು ಸುಮ್ನ ಕುಂದರ್ರಿ, ನಾ ಸರಿ ಹೊಂಟೀನಿ."

"ಸುಮ್ನ ಹೆಂಗ ಕುಂದರ್ಲಿ? ಮುಂದ ಏನೈತಿ ಗೊತ್ತಾಗವಲ್ದು ನನಗ!"

ಹೇಳಿ ಮುಗಿಸುವ ಮೊದಲೇ ಅವನು ಎರಡೂ ಕಾಲುಗಳನ್ನು ಪೆಡಲಿನಿಂದ ತೆಗೆದು ನೆಲಕ್ಕೆ ಚಾಚಿದ. ಸೈಕಲ್ಲು ಅಡ್ಡಾದಿಡ್ಡಿ ಹೋಗಿ ಜಲ್ಲಿ ಬಿಟ್ಟು ಮರಳಿಗೆ ನುಗ್ಗಿ ಮಗುಚಿಕೊಂಡಿತು. ಇಬ್ಬರೂ ಬಿದ್ದರು. ಮರಳು ಮೆತ್ತಗಿದ್ದದ್ದರಿಂದ ಮಹಾದೇವಿಯ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಬಿದ್ದ ಗಳಿಗೆಯಲ್ಲಿ ಬಾಳಪ್ಪ ಕೂಗಿದ ರೀತಿ ಅವಳು ಎಂದೂ ಕೇಳದ್ದು. "ಮಾದೇವಿ! ಎಲ್ಲಿದ್ದಿ? ಏನಾತು? ಎಲ್ಲಿದ್ದಿ?" ಎಂದು ಅವನು ಮರಳನ್ನು ಬಾಚುತ್ತಿದ್ದ. ಅವಳು ಒಂದು ಮಾರು ದೂರದಲ್ಲಿ, ಅವನ ಎದುರಿಗೇ ಕುಳಿತಿದ್ದಳು.

"ಇಲ್ಲೇ ಅದೀನಿ," ಎಂದು ಅವನ ಕೈ ಹಿಡಿದಳು.

ಹಸೀಬ್ ತಿರುಗಿ ಬಂದು ಸೈಕಲ್ಲನ್ನು ಎತ್ತಿ ಸರಪಳಿ ನೋಡಿದ. "ಸೈಕಲ್ಲಿಗೆ ಎಂತ ಆಗ್ಲಿಲ್ಲ. ಬಾಳಪ್ಪಣ್ಣ, ಒಂದು ಮಾತು ಹೇಳ್ತೆ, ಸಿಟ್ಟು ಮಾಡ್ಬೇಡಿ. ಹಿಂದೆ ಕೂತವ್ರು ಕಾಲಲ್ಲಿ ಮಾತ್ರ ಕೆಲ್ಸ ಮಾಡ್ಬೇಕು. ಕೈಗೆ, ಬಾಯಿಗೆ ಖಲಾಸ್."

ಬಾಳಪ್ಪ ಬಟ್ಟೆಯ ಮರಳು ಕೊಡವಿಕೊಂಡ. ಮನೆಗೆ ಹೋಗೋಣ ಎನ್ನುತ್ತಾನೆಂದು ಮಹಾದೇವಿ ಕಾಯುತ್ತಿದ್ದಳು. ಅವನು ಸೀಟನ್ನು ತಡವಿ ಹುಡುಕಿ ಮತ್ತೆ ಹತ್ತಿ ಕುಳಿತ.

ಈ ಸಲ ಅವನು ಮಾತಾಡಲಿಲ್ಲ. ಮೊದಲು ಅವನ ಕಾಲುಗಳು ಅವಳ ಕಾಲುಗಳ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಆಮೇಲೆ ಹೇಗೋ ಒಂದು ಲಯ ಸಿಕ್ಕಿತು. ಅವಳು ತುಳಿಯುವುದು ಹಗುರವಾಯಿತು. ಯಾರೋ ಬೆನ್ನಿಗೆ ಕೈಕೊಟ್ಟು ಮೆಲ್ಲಗೆ ದೂಡಿದ ಹಾಗೆ ಸೈಕಲ್ಲು ಓಡತೊಡಗಿತು. ಜಲ್ಲಿಯ ಕರಕರ ಸದ್ದು, ಗಾಳಿ, ಅವನ ಉಸಿರು. ಎಷ್ಟೋ ತಿಂಗಳ ನಂತರ ತಾವಿಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದೇವೆ ಎಂದು ಅವಳಿಗೆ ಅನಿಸಿತು. ಮನೆಯಲ್ಲಿ ಅವಳು ಮಾಡುತ್ತಿದ್ದಳು, ಅವನು ಮಾಡಿಸಿಕೊಳ್ಳುತ್ತಿದ್ದ. ಅದು ಇಬ್ಬರಿಗೂ ದಣಿವಿನ ಕೆಲಸವಾಗಿತ್ತು.

"ಇಲ್ಲಿ ಓರಿಕ್ಸ್ ಜಿಂಕಿ ಭಾಳ ಇರ್ತಿದ್ವು," ಎಂದ ಬಾಳಪ್ಪ, ತುಂಬ ಹೊತ್ತಿನ ಮೇಲೆ. "ಬೆಳಿಗ್ಗೆ ನಾವು ಬರೂದ್ರಾಗ ದಾರೀಗೆ ಅಡ್ಡ ನಿಂತಿರ್ತಿದ್ವು. ಬೆಳ್ಳಗ, ಉದ್ದ ಕೊಂಬು. ಈಗ ಕಾಣ್ತಾವೇನು?"

ಮಹಾದೇವಿ ಎರಡೂ ಕಡೆ ನೋಡಿದಳು. ಮರಳು, ಅಲ್ಲಲ್ಲಿ ಕುರುಚಲು ಗಿಡ, ಬೇಲಿ. ಒಂದು ಪ್ರಾಣಿಯೂ ಇರಲಿಲ್ಲ.

"ಹೂಂ, ಅದಾವ. ಮೂರ ಅದಾವ. ದೂರ, ಒಂದು ಗಿಡದ ಕೆಳಗ ನಿಂತಾವ."

"ಹೌದಾ?" ಅವನ ದನಿ ಅರಳಿತು. "ಮರಿ ಐತೇನು?"

"ಒಂದ ಮರಿ ಇದ್ದಂಗೈತಿ."

ಪೆಡಲಿನ ಮೇಲೆ ಅವನ ಬಲ ಹೆಚ್ಚಾಯಿತು. ಮಹಾದೇವಿಗೆ ಸಂತೋಷವೂ ಆಯಿತು, ಅಳುಕೂ ಆಯಿತು.

ಮುಂದೆ ಹೋಗಿದ್ದ ಹಸೀಬ್ ಒಂದು ದಿಬ್ಬದ ಮೇಲೆ ಅವರಿಗಾಗಿ ಕಾಯುತ್ತಿದ್ದ. ಅವರು ಹತ್ತಿರ ಬರುತ್ತಿದ್ದಂತೆ ಅಲ್ಲಿಂದಲೇ ಕೂಗಿದ. "ಎಂತ ಭಾಬಿ ಇವತ್ತು! ಒಂದು ಓರಿಕ್ಸ್ ಸಾ ಇಲ್ಲ! ಹೋದ ವಾರ ಹಿಂಡೇ ಇತ್ತು. ಇವತ್ತು ಇಲ್ಲಿ ತನಕ ಒಂದು ಮೊಲ ಕಾಣ್ಲಿಲ್ಲ ನಂಗೆ." ಪಾಪ, ಅವನಿಗೇನು ಗೊತ್ತು. ಹೇಳಿ ದಿಬ್ಬದ ಆ ಕಡೆ ಇಳಿದು ಹೋದ.

ಜೋಡಿ ಸೈಕಲ್ಲೂ ದಿಬ್ಬ ಹತ್ತಿ ಇಳಿಯಿತು. ಹಿಂದಿನಿಂದ ಬಾಳಪ್ಪ ಕೇಳಿದ.

"ಸುಳ್ಳ ಯಾಕ ಹೇಳಿದಿ?"

"ನಿಮಗ ಖುಷಿ ಆಗ್ಲಿ ಅಂತ."

"ಇನ್ನ ಏನೇನ ಹೇಳಿ ಖುಷಿ ಮಾಡೀದಿ ನನ್ನ?"

ಅವನು ಜಗಳಕ್ಕೆಂದು ಕೇಳಿದ್ದಲ್ಲ. ಸುಮ್ಮನೆ, ಬೇಸರದಲ್ಲಿ ಕೇಳಿದ್ದು. ಆದರೆ ಮಹಾದೇವಿಯ ಕಾಲುಗಳು ನಿಂತುಬಿಟ್ಟವು. ಅವಳ ಕಾಲು ನಿಂತೊಡನೆ ಅವನ ಕಾಲೂ ನಿಂತಿತು. ಮುಖ ಕಾಣದವನಿಗೆ ಅಷ್ಟು ಸಾಕಾಯಿತು.

"ಮಾದೇವಿ. ಡಾಕ್ಟರ್ ನಿನಗೊಬ್ಬಾಕಿಗೇ ಫೋನ್ ಮಾಡಿದ್ರೇನು?"

ಸೈಕಲ್ಲು ತನ್ನಷ್ಟಕ್ಕೆ ಉರುಳುತ್ತಿತ್ತು. ಅವಳು ಎದುರಿಗಿದ್ದ ದಾರಿಯನ್ನೇ ನೋಡುತ್ತಿದ್ದಳು. ಹಿಂದೆ ತಿರುಗುವಂತಿರಲಿಲ್ಲ. ತಿರುಗುವಂತಿದ್ದರೆ, ಅವನ ಮುಖ ಕಾಣುತ್ತಿದ್ದರೆ, ಆ ಮಾತು ತನ್ನ ಬಾಯಿಂದ ಬರುತ್ತಿರಲಿಲ್ಲವೆಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

"ಮಾಡಿದ್ರು," ಎಂದಳು. "ದೀಪಾವಳಿ ಮುಂದ. ನಾ ಸಾಲ್ಯಾಗಿದ್ದೆ. ಎರಡನೇ ಆಪರೇಷನ್ನೂ ಹಿಡದಿಲ್ಲ ಅಂದ್ರು. ನರ ಸತ್ತ ಮ್ಯಾಲೆ ತಿರುಗಿ ಬರಂಗಿಲ್ಲ. ಉಳದದ್ದೂ ಹೋಗ್ತೈತಿ, ಒಂದ ವರ್ಷ, ಭಾಳಂದ್ರ ಎರಡು... ನಿಮಗ ಮಾತ್ರ ಮೊದಲಿನಂಗ ಐತಿ, ಹಂಗs ಇರತೈತಿ ಅಂತ ಹೇಳಿದೆ."

ಹೇಳುತ್ತ ಹೇಳುತ್ತ ಅವಳು ಅಳುತ್ತಿದ್ದಳು. ಹ್ಯಾಂಡಲ್ಲು ಮಾತ್ರ ಬಿಡಲಿಲ್ಲ.

ಹಿಂದಿನಿಂದ ಪೆಡಲು ತಿರುಗತೊಡಗಿತು. ಬಾಳಪ್ಪ ಒಬ್ಬನೇ ತುಳಿಯುತ್ತಿದ್ದ, ಜೋರಾಗಿ. ಮಹಾದೇವಿಯ ಕಾಲುಗಳು ಸುಮ್ಮನೆ ಅದರ ಜೊತೆ ಸುತ್ತಿದವು. ದಾರಿ ಅವಳ ಕಣ್ಣೀರಿನಲ್ಲಿ ಮಂಜಾಗಿತ್ತು. ಸದ್ಯ, ನೇರವಾಗಿತ್ತು. ತುಂಬ ದೂರ ಅವನು ಹಾಗೆಯೇ ತುಳಿದ. ಆಮೇಲೆ ದಣಿದು ನಿಧಾನವಾದ.

"ಬಲಗಣ್ಣು ಪೂರಾ ಹೋಗೇತಿ," ಎಂದ. "ಹೋಗಿ ಮೂರ ತಿಂಗಳಾತು. ನಿನಗ ನಾ ಹೇಳಿಲ್ಲ."

"ಏನಂದ್ರಿ?"

"ದಿನಾ ಬೆಳಿಗ್ಗೆ ಕಿಡಕಿ ಹಂತ್ಯಾಕ ನಿಂತು, ಇವತ್ತು ಜಬಲ್ ಹಫೀತ್ ಗುಡ್ಡ ಸ್ವಚ್ಛ ಕಾಣಾಕತೈತಿ ಅಂತಿದ್ನಲ್ಲ. ಎಡಗಣ್ಣಿಗೂ ಅಷ್ಟ ದೂರದ್ದು ಏನೂ ಕಾಣ್ತಿದ್ದಿಲ್ಲ. ನೀ ಸಾಲಿಗೆ ಹೋಗಾಕಿ, ಚಿಂತೀ ಇಟ್ಕೊಂಡು ಕಾರ್ ಹೊಡೀಬಾರ್ದು ಅಂತ ಅಂತಿದ್ದೆ."

ಮಹಾದೇವಿ ಬ್ರೇಕು ಹಾಕಿದಳು. ಇಬ್ಬರೂ ಕಾಲೂರಿ ನಿಂತರು. ಧೂಳೆದ್ದು ಎದುರಿನ ಕಟ್ಟಡವೇ ಕಾಣದ ಒಂದು ದಿನವೂ ಅವನು ಗುಡ್ಡ ಸ್ವಚ್ಛ ಕಾಣುತ್ತಿದೆ ಎಂದದ್ದು ಅವಳಿಗೆ ನೆನಪಾಯಿತು. ತಮಾಷೆ ಮಾಡುತ್ತಿದ್ದಾನೆಂದು ತಿಳಿದು ಅವಳು ನಕ್ಕಿದ್ದಳು. ಆ ನಗೆಯನ್ನು ಕೇಳಿಸಿಕೊಂಡು ಅವನೂ ನಕ್ಕಿದ್ದ.

"ಎಂಥಾ ಮಂದಿ ನಾವು," ಎಂದಳು.

ಅವನು ತಲೆ ತಗ್ಗಿಸಿಕೊಂಡಿದ್ದ. ಅವಳಿಗೆ ಸಿಟ್ಟು ಬಂತು. ಮೂರು ತಿಂಗಳು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ಭಾರವನ್ನು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಇವನೂ ಬೇರೆಯಾಗಿ ಹೊತ್ತಿದ್ದ. ಸಿಟ್ಟು ಬಂದಷ್ಟೇ ಬೇಗ ಸೋರಿಹೋಯಿತು. ಅವಳು ತನ್ನ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಅವನ ಮುಖವೂ ಒದ್ದೆಯಾಗಿತ್ತು. ಅದನ್ನು ಒರೆಸಲು ಹೋಗದೆ ದುಪಟ್ಟಾದ ಅಂಚನ್ನು ಅವನ ಕೈಗೆ ಕೊಟ್ಟಳು. ಅವನೇ ಒರೆಸಿಕೊಂಡ.

ಅಷ್ಟರಲ್ಲಿ ಬಾಳಪ್ಪ ತಲೆ ಎತ್ತಿದ. "ಗಾಡಿ ಬರಾಕತೈತಿ."

ಅವಳಿಗೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೇಳಿಸಿತು. ಮರಳಿನ ಅಂಚಿನಿಂದ ಎಂಜಿನ್ನು ಕಾಣಿಸಿತು, ಅದರ ಹಿಂದೆ ಕಂಟೇನರುಗಳ ಸಾಲು. ಬೇಲಿಯ ಆಚೆ, ನೆಲವನ್ನು ನಡುಗಿಸುತ್ತ, ಅವಸರವಿಲ್ಲದೆ ಅದು ಹಾದುಹೋಯಿತು. ಬಾಳಪ್ಪ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ನಿಂತು ಕೇಳಿದ. ಈ ಹಳಿಯ ಮೇಲೆ ಗಾಡಿ ಓಡುವ ಹೊತ್ತಿಗೆ ಅವನು ಕೆಲಸ ಬಿಟ್ಟು ಮನೆ ಸೇರಿದ್ದ. ಕೊನೆಯ ಡಬ್ಬಿಯ ಸದ್ದು ಕರಗುವವರೆಗೂ ಅವನು ಅಲುಗಲಿಲ್ಲ.

"ಮುಂದ ಒಂದು ತಿರುವು ಬರ್ತೈತಿ," ಎಂದ. "ಅಲ್ಲಿ ಘಾಫ್ ಗಿಡದ ಒಂದು ತೋಪಿತ್ತು. ಹಳಿ ನೆಟ್ಟಗ ಹೋದ್ರ ಗಿಡ ಕಡೀಬೇಕಾಗ್ತಿತ್ತು. ವಾರಗಟ್ಟಲೆ ವಾದ ಮಾಡಿದ್ವಿ. ನಮ್ಮ ತಂಡದಾಗ ಎಲ್ಲಾರೂ ಒಂದs ಮಾತು ಹಿಡದ್ವಿ. ಕಡೀಕ ಹಳೀನs ಬಗ್ಗಿಸಿದ್ರು. ನಡಿ, ಅಲ್ಲೀತನ ಹೋಗೂಣು."

ತೋಪಿನ ಎದುರಿಗೆ ಹಸೀಬ್ ಆಗಲೇ ಚಾಪೆ ಹಾಸಿ, ಫ್ಲಾಸ್ಕು, ಖರ್ಜೂರ ಜೋಡಿಸಿಟ್ಟಿದ್ದ. ಬಾಳಪ್ಪ ಸೈಕಲ್ಲಿನಿಂದ ಇಳಿದು, ಹೆಂಡತಿಯ ಕಡೆ ಮುಖ ಮಾಡಿ ನಿಂತ.

"ಗಿಡ ಅದಾವೇನು? ಖರೇ ಹೇಳು."

ಮಹಾದೇವಿ ಬೇಲಿಯ ಹತ್ತಿರ ಹೋಗಿ ನೋಡಿದಳು. ಆತುರಪಡಲಿಲ್ಲ.

"ಅದಾವ. ಎರಡು ಒಣಗ್ಯಾವ, ಬರೇ ಬಡ್ಡಿ ನಿಂತಾವ. ಒಂದರ ಟೊಂಗಿ ಮುರದ ಬಿದ್ದೈತಿ. ಉಳದಾವು ಹಸರ ಅದಾವ. ಭಾಳ ಎತ್ತರಿಲ್ಲ. ಒಂದರ ಬುಡಕ್ಕ ಯಾರೋ ಹಳೇ ಟಯರ್ ಒಗದ ಹೋಗ್ಯಾರ."

"ಎರಡು ಒಣಗ್ಯಾವು," ಎಂದು ಅವನು ಮೆಲ್ಲಗೆ ಹೇಳಿಕೊಂಡ. ಆಮೇಲೆ, "ಉಳದಾವು ಹಸರ ಅದಾವ," ಎಂದ. ಬೇಸರವೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಊಟಕ್ಕೆ ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿದ್ದಳು. ಸೈಕಲ್ಲು ಮಗುಚಿದ ಏಟಿಗೆ ರೊಟ್ಟಿ ಪುಡಿಯಾಗಿತ್ತು. ಹಸೀಬ್ ಆ ಪುಡಿಗೆ ಮೊಸರು ಕಲಸಿಕೊಂಡು, "ಇದೇ ಚಲೋ, ಅಗಿಯುವ ಕೆಲ್ಸ ಇಲ್ಲ," ಎಂದು ತಿಂದ. ಅವರಿಬ್ಬರ ಕಣ್ಣು ಕೆಂಪಾಗಿದ್ದದ್ದನ್ನು ಅವನು ನೋಡಿದ್ದ, ಕೇಳಲಿಲ್ಲ. ಹಾಲಿಲ್ಲದ ಸುಲೈಮಾನಿ ಚಹಾ ಬಗ್ಗಿಸಿ ಕೊಟ್ಟು, ತನ್ನ ಅಂಗಡಿಗೆ ಬರುವ ಗಿರಾಕಿಗಳ ಕತೆ ಹೇಳಿದ. ಚಾಪೆಯ ಮೇಲೆ ಮೂವರೂ ಬಿಸಿಲಿಗೆ ಬೆನ್ನು ಕೊಟ್ಟು ಬಹಳ ಹೊತ್ತು ಕುಳಿತರು. ಅವಸರ ಯಾರಿಗೂ ಇರಲಿಲ್ಲ.

ವಾಪಸು ಬರುವಾಗ ಬಾಳಪ್ಪ ಕೇಳುತ್ತ ಬಂದ, ಮಹಾದೇವಿ ಕಂಡದ್ದನ್ನು ಕಂಡಂತೆ ಹೇಳುತ್ತ ಬಂದಳು. ಬೇಲಿಗೆ ಸಿಕ್ಕ ಪ್ಲಾಸ್ಟಿಕ್ ಚೀಲ, ಒಂಟೆಯ ಹೆಜ್ಜೆ, ಎದುರಿಗೆ ಸಿಕ್ಕ ಫಿಲಿಪಿನೊ ಜೋಡಿಯ ಗುಲಾಬಿ ಹೆಲ್ಮೆಟ್ಟು. ಕೆಲವೊಮ್ಮೆ, "ಏನೂ ಇಲ್ರಿ, ಬರೇ ಮರಳು," ಎನ್ನುತ್ತಿದ್ದಳು. "ಆತು," ಎನ್ನುತ್ತಿದ್ದ ಅವನು.

ಹಸೀಬ್ ಸೈಕಲ್ಲುಗಳನ್ನು ಹೇರಿಕೊಂಡು ಸತ್ವಾಕ್ಕೆ ಹೊರಟ ಮೇಲೆ ಇವರ ಕಾರು ಅಲ್ ಐನ್ ರಸ್ತೆ ಹಿಡಿಯಿತು. ಸ್ವಲ್ಪ ದೂರ ಬಂದ ಮೇಲೆ ಬಾಳಪ್ಪ, "ಸೌಂದರ್ಯಾಗ ಫೋನ್ ಹಚ್ಚು," ಎಂದ. ಅವರ ಒಬ್ಬಳೇ ಮಗಳು ಅಬುಧಾಬಿಯಲ್ಲಿ ಕೆಲಸ ಮಾಡಿಕೊಂಡು, ಅಲ್ಲಿಯೇ ಗೆಳತಿಯರ ಜೊತೆ ಇದ್ದಳು. ಅಪ್ಪನ ಕಣ್ಣು ಮೊದಲಿನ ಹಾಗೇ ಇದೆ ಎಂದು ಅವಳಿಗೂ ಹೇಳಿಟ್ಟಿದ್ದರು.

"ನಾ ಹೇಳ್ಲೇನು?" ಎಂದಳು ಮಹಾದೇವಿ.

"ಬ್ಯಾಡ. ನನ್ನ ಕಣ್ಣಿನ ಸುದ್ದಿ. ನಾನs ಹೇಳ್ತೀನಿ."

ಸ್ಪೀಕರಿನಲ್ಲಿ ಮಗಳ ದನಿ ಬಂತು. ಬಾಳಪ್ಪ ಸುತ್ತು ಬಳಸದೆ ಎಲ್ಲವನ್ನೂ ಹೇಳಿದ. ಬಲಗಣ್ಣು ಹೋದದ್ದು, ಎಡಗಣ್ಣೂ ಹೋಗುವುದು, ತಾನೂ ಅವ್ವನೂ ಮುಚ್ಚಿಟ್ಟದ್ದು.

"ಹೌ ಕುಡ್ ಯು? ಇಬ್ರೂ?" ಎಂದಳು ಸೌಂದರ್ಯಾ. ದನಿ ಒಡೆದಿತ್ತು. "ಐ ಆಮ್ ನಾಟ್ ಎ ಚೈಲ್ಡ್, ಅಪ್ಪಾ." ಫೋನು ಕಟ್ಟಾಯಿತು.

ಮನೆ ಸೇರಿ, ಸ್ನಾನ ಮಾಡಿ, ಮಹಾದೇವಿ ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತಿರುವಾಗ ಮತ್ತೆ ಫೋನು ಬಂತು. "ನಾನು ಬಸ್‌ನಲ್ಲಿದೀನಿ," ಎಂದಳು ಮಗಳು. "ಐ ಆಮ್ ಸ್ಟಿಲ್ ಆಂಗ್ರಿ. ಅಡುಗೆ ಮಾಡಿಡು." ಮತ್ತೆ ಕಟ್ಟಾಯಿತು.

ಬಸ್ಸು ಬರುವ ಹೊತ್ತಾದಾಗ ಬಾಳಪ್ಪ ಎದ್ದು ಚಪ್ಪಲಿ ಹುಡುಕಿದ. "ಕೆಳಗ ಹೋಗಿ ನಿಂತಿರ್ತೀನಿ," ಎಂದ.

"ನಾನೂ ಬರ್ಲೇನು?"

ಅವನು ಯೋಚಿಸಿದ. "ಮೆಟ್ಟಲ ಮುಗಿಯೂದು ಗೊತ್ತಾಗಂಗಿಲ್ಲ ನನಗ. ಮತ್ತ ಆ ಬಿಳಿ ಕೋಲ ಕಲಿಸೋರು ಯಾರೋ ಇದ್ದಾರಂತಿದ್ದೆಲ್ಲ, ಅವ್ರಿಗೆ ನಾಳೆ ಫೋನ್ ಮಾಡೂಣು. ಇವತ್ತ ನೀ ಮ್ಯಾಲಿಂದ ಹೇಳು. ಕಡೀ ಮೆಟ್ಟಲ ಬಂದಾಗ ಹೇಳು, ಸಾಕು."

ಮಹಾದೇವಿ ಬಾಗಿಲಲ್ಲಿ ನಿಂತಳು. ಅವನು ಪಕ್ಕದ ಕಂಬಿ ಹಿಡಿದು ಒಂದೊಂದಾಗಿ ಇಳಿದ. ಮೊದಲ ಮಹಡಿಯ ಮನೆ. ಮೆಟ್ಟಿಲು ಬಹಳವಿರಲಿಲ್ಲ. ಆದರೂ ಅವಳು ಪ್ರತಿ ಹೆಜ್ಜೆಯನ್ನೂ ಎಣಿಸುತ್ತಿದ್ದಳು.

"ಇದs ಕಡೀದು," ಎಂದು ಕೂಗಿದಳು.

ಅವನು ಕಾಲೂರಿ, ನೆಲ ಸಮವಾಗಿರುವುದನ್ನು ತಿಳಿದುಕೊಂಡು, ಕೈಯೆತ್ತಿ ತೋರಿಸಿ, ಗೇಟಿನ ಕಡೆ ನಡೆದ. ಮಹಾದೇವಿ ಒಳಗೆ ಹೋಗಿ ಹಿಟ್ಟು ನಾದಲು ಕುಳಿತಳು. ಬಾಗಿಲನ್ನು ಹಾಗೇ ತೆರೆದಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಪ್ಪ ಮಗಳ ದನಿ ಕೇಳಿಸಿತು. ಮಗಳದು ಜೋರಾಗಿತ್ತು, ಅಪ್ಪನದು ಮೆಲ್ಲಗೆ. ಜಗಳ ಮುಗಿಯಲು ಇನ್ನೂ ಹೊತ್ತಿದೆ ಎಂದು ತಿಳಿದು, ಅವಳು ಇನ್ನೊಂದು ಹಿಡಿ ಹಿಟ್ಟು ಹಾಕಿಕೊಂಡಳು.